ಬಿಡುವಿನ ವೇಳೆಯಲ್ಲಿ, ಪ್ರೀತಿಯಿಂದ

"ಯಾವ ಬೋಸೂಡಿ ತುಂಬ್ಯಾಳ ಇದನ್ನ? ಬಾಯಿ ಬಿಡ್ರಿ."

ವೈಜನಾಥ ಜಾಕೀಟನ್ನು ಮೇಜಿನ ಮೇಲೆ ಒಗೆದ. ಅದರ ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಅಲ್ಲಿಂದ ನಾಲ್ಕು ಜೋಳದ ಕಾಳು ಉರುಳಿದವು. ಕಾಳಿನ ಹಿಂದೆಯೇ ಕರಿ ನುಸಿ ಹರಿದವು.

"ಹಡಗದಾಗ ಒಂದೂವರಿ ತಿಂಗಳು ಹೋಗಿತ್ತು ಮಾಲು. ಅಲ್ಲಿ ಪೆಟಗಿ ಒಡದ್ರ ನುಸಿ. ಇನ್ನ ಕಳಸೂ ನಾಕನೂರು ಜಾಕೀಟು ತಡದಾರ ಇಲ್ಲೆ."

ಔರಂಗಾಬಾದಿನ ಬದಿಯ ವಾಳೂಜಿನ ಆ ತಗಡಿನ ಶೆಡ್ಡಿನಲ್ಲಿ, ಕನ್ನಡ ಸೀಮೆಯಿಂದ ದುಡಿಯಲು ಬಂದ ನಾವು ಇಪ್ಪತ್ತು ಹೆಂಗಸರು ಹೊರದೇಶದ ಒಂದು ಫ್ಯಾಶನ್ ಕಂಪನಿಗೆ ಕೌದಿ ಹೊಲಿಗೆಯ ಜಾಕೀಟು ಹೊಲಿಯುತ್ತಿದ್ದೆವು. ಕಂಪನಿ ಮುಂಬಯಿಯ ಏಜೆಂಟನಿಗೆ ಹೇಳುತ್ತಿತ್ತು, ಏಜೆಂಟ ಔರಂಗಾಬಾದಿನ ಫ್ಯಾಕ್ಟರಿಗೆ, ಫ್ಯಾಕ್ಟರಿ ವೈಜನಾಥನಿಗೆ, ವೈಜನಾಥ ನಮಗೆ. ತನ್ನ ಕೆಳಗಿನವನ ಕೆಳಗೆ ಯಾರಿದ್ದಾರೆಂದು ಯಾರೂ ಕೇಳುತ್ತಿರಲಿಲ್ಲ. ವೈಜನಾಥ ಗಡಿಯ ಉದಗೀರ ಕಡೆಯವನು. ಅವನಿಗೆ ಮರಾಠಿ ಫೋನಿಗೆ, ಕನ್ನಡ ಬೈಗುಳಕ್ಕೆ.

ಪ್ರೇಮಾಬಾಯಿ ಎದ್ದು ನಿಂತಳು. ಇಂಡಿ ಕಡೆಯವಳು; ನಮಗೆಲ್ಲ ಈ ಹೊಲಿಗೆ ತಿದ್ದಿದವಳು.

"ನಾನ ಹಾಕೇನ್ರಿ ಸೇಠ. ಕೌದಿ ಹೊಟ್ಟಿ ಖಾಲಿ ಇಡಬಾರ್ದ್ರಿ. ಹೊಚಗೊಂಡವರು ಉಪಾಸ ಬೀಳ್ತಾರ."

ಹಾಕಿದ್ದು ಅವಳೊಬ್ಬಳೇ ಅಲ್ಲ. ಕಡೆಯ ಮೂಲೆ ಮುಚ್ಚುವ ಮೊದಲು ನಾವೆಲ್ಲ ನಾಲ್ಕು ಕಾಳು ಇಡುತ್ತಿದ್ದೆವು. ನಮ್ಮ ತಾಯಂದಿರು ಹಾಗೆಯೇ ಹೊಲಿದದ್ದು. ಕೈ ತಾನೇ ಮಾಡುವ ಕೆಲಸವದು. ಜಾಕೀಟು ಹಡಗು ಹತ್ತುತ್ತದೆಂದು ಕೈಗೆ ಹೇಗೆ ಗೊತ್ತಾಗಬೇಕು.

"ಬಾ ಇಲ್ಲೆ. ಮೊದಲ ನಿನ್ನ ಹೊಟ್ಟಿ ತುಂಬಸ್ತೀನಿ."

ನುಸಿ ಸಮೇತ ಕಾಳು ಬಳಿದು, ಅವಳ ದವಡೆ ಹಿಡಿದು ಬಾಯಿಗೆ ತುರುಕಿದ. "ಅಗಿ." ಅವಳು ಅಗಿದಳು. "ನುಂಗು." ನುಂಗಿದಳು. ನಾವು ಕೈಯಲ್ಲಿದ್ದ ಸೂಜಿಯನ್ನೇ ನೋಡುತ್ತ ಕುಳಿತೆವು.

ನಾಲ್ಕನೆಯ ದಿನ ಮುಂಬಯಿಯಿಂದ ಪ್ರಾಚಿ ಎಂಬ ಹುಡುಗಿ ಬಂದಳು. ಕಂಪನಿಯ ಪ್ರಚಾರದವಳು. ವೈಜನಾಥ ನಮಗೆ ಚಹಾ ತರಿಸಿದ. ಆಗಲೇ ನಮಗೆ ಅನುಮಾನ ಬಂತು. ಪ್ರಾಚಿ ನೆಲದ ಮೇಲೆ ನಮ್ಮ ಪಕ್ಕದಲ್ಲೇ ಕುಳಿತಳು. ಅನುಮಾನ ಇನ್ನೂ ಹೆಚ್ಚಾಯಿತು.

"ಆಜೀ, ಖೂಪ್ ಛಾನ್," ಅಜ್ಜೀ, ಬಹಳ ಚೆಂದ ಎಂದು ಪ್ರೇಮಾಬಾಯಿಯ ಕೈ ಹಿಡಿದಳು. ಕಾಳಿಡುವ ಸುದ್ದಿ ಕೇಳಿ ಕಂಪನಿಯ ದೊಡ್ಡವರಿಗೆ ಕಣ್ಣೀರು ಬಂತಂತೆ. ಇನ್ನು ಮೇಲೆ ಪ್ರತಿ ಜಾಕೀಟಿಗೂ ಅದೇ ಕಥೆಯ ಚೀಟಿ, ಆಜಿಯ ಫೋಟೊ. ಮೂಲೆಯಲ್ಲಿ ಮಾತ್ರ ಜೋಳ ಬೇಡ, ಜೋಳದಂಥದೇ ಪ್ಲಾಸ್ಟಿಕ್ ಮಣಿ ಚೀನಾದಿಂದ ಬರುತ್ತದೆ.

ಅವಳು ಹೋದ ಮೇಲೆ ಪ್ರೇಮಾಬಾಯಿ ಅಂದಳು: "ನಂಗ ನಲವತ್ತಾರು. ಆಜಿ ಅಂತಾಳ ಹಾಟ್ಯಾನಕಿ."

"ಮುಂದಿನ ಸಲ ಮುತ್ಯಾ ಅಂತಾಳ, ತಡಿ," ಎಂದೆ ನಾನು.

"ನಗಬ್ಯಾಡ ಅಂಬುಜಾ. ನುಸಿ ತಿನಿಸಿದ ಮಂದಿ ಸಕ್ಕರಿ ತಿನಸಾಕತ್ತ್ಯಾರ. ಆ ಕಾಗದ ತಗೊಂಡು ನಡಿ."

ಹೆಬ್ಬೆಟ್ಟು ಒತ್ತಲು ಪ್ರಾಚಿ ಕೊಟ್ಟುಹೋದ ಕಾಗದ ಇಂಗ್ಲಿಷಿನಲ್ಲಿತ್ತು. ವಾಳೂಜಿನ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಧಾರವಾಡದ ಚನಬಸಪ್ಪನವರು ನಮಗೆ ಗೊತ್ತಿದ್ದ ಒಬ್ಬರೇ ಓದಿದ ಕನ್ನಡಿಗರು. ಸಂಜೆ ಅವರು ಬ್ಯಾಂಕು ಬಿಡುವ ಹೊತ್ತಿಗೆ, ಬಾಗಿಲಿನ ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಮ್ಮನ್ನು ನಿಲ್ಲಿಸಿಕೊಂಡು ಓದಿದರು.

"ಇವರು ತಮ್ಮ ತಮ್ಮ ಹಳ್ಳಿಯೊಳಗ, ತಮ್ಮ ಮನಿಯೊಳಗ, ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಹೊಲೀತಾರ. ಯಾವ ಕಾರ್ಖಾನೆಯೊಳಗೂ ಇವರು ಕೆಲಸಕ್ಕ ಇಲ್ಲ. ಹಿಂಗ ಬರದಾರ್ವಾ."

"ಮತ್ತ ಶೆಡ್ಡರಿ?" ಎಂದಳು ಪ್ರೇಮಾಬಾಯಿ.

"ಶೆಡ್ಡ ಇಲ್ಲ ಇದರಾಗ."

"ಮುಂಜಾನಿ ಎಂಟಕ್ಕ ಹೊರಗಿಂದ ಕೀಲಿ ಹಾಕ್ತಾರಲ್ರಿ, ಅದರಾಗ ನಾವಿರೂದಿಲ್ಲೇನ್ರಿ?"

ಚನಬಸಪ್ಪನವರು ಸುತ್ತ ನೋಡಿ ಕಾಗದ ಮಡಚಿಕೊಟ್ಟರು. "ನಾ ಓದಿದ್ದು ಅಂತ ಎಲ್ಲೂ ಹೇಳಬ್ಯಾಡ್ರಿ. ನಂದು ನೌಕರಿ."

ಪ್ರೇಮಾಬಾಯಿಯ ತಂಗಿ ಸೋನಾಬಾಯಿ ಹಿಂದಿನ ವರ್ಷ ನಾಸಿಕದ ಅಂಬಡ್‌ನಲ್ಲಿ ಒಂದು ಶೆಡ್ಡಿನೊಳಗೆ ಸುಟ್ಟು ಸತ್ತಿದ್ದಳು. ಅಲ್ಲಿಯೂ ಹೊರಗಿನಿಂದ ಕೀಲಿ. ಪೊಲೀಸರು ರಜಿಸ್ಟರು ನೋಡಿದರು, ಹೆಸರಿರಲಿಲ್ಲ. ಕಳವಿಗೆ ಹೊಕ್ಕಿದ್ದ ಹೆಂಗಸು ಎಂದು ಬರೆದುಕೊಂಡರು. ಕಾಲಿನ ಕಡಗ ನೋಡಿ ಗುರುತಿಸಿದವಳು ಪ್ರೇಮಾಬಾಯಿ. "ನನ್ನ ತಂಗಿ ಕಳ್ಳಿ ಅಲ್ರಿ" ಎಂದು ಹೇಳಲು ಮೂರು ಸಲ ನಾಸಿಕಕ್ಕೆ ಹೋಗಿಬಂದಿದ್ದಳು. ಈಗ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಸತ್ತ ಮ್ಯಾಲ ಅಕೀನ ಇಲ್ಲ ಅಂದ್ರು. ನಮ್ಮನ್ನ ಬದುಕಿದ್ದಾಗ ಇಲ್ಲ ಅನ್ನಾಕತ್ತ್ಯಾರ."

ಶನಿವಾರ ಬೆಳಿಗ್ಗೆ ವೈಜನಾಥ ನಮ್ಮನ್ನು ಶೂಟಿಂಗಿಗೆ ಕರೆದೊಯ್ಯಲು ಬಂದ ವ್ಯಾನಿನ ಬಾಗಿಲಲ್ಲಿ ಶಾಯಿ ಡಬ್ಬಿ ಹಿಡಿದು ನಿಂತಿದ್ದ. "ಒತ್ತಿದವರು ಹತ್ರಿ. ಒತ್ತದವರು ಊರಿನ ಬಸ್ಸು ಹಿಡೀರಿ. ಸೋಮಾರ ನಿಮ್ಮ ಜಾಗಾಕ್ಕ ಬ್ಯಾರೆಯವರು." ಇಪ್ಪತ್ತು ಜನರೂ ಒತ್ತಿದೆವು. ಪ್ರೇಮಾಬಾಯಿ ಎಲ್ಲರಿಗಿಂತ ಮೊದಲು ಒತ್ತಿದಳು. ಅವಳ ಮುಖದ ಕಡೆ ನೋಡುವ ಧೈರ್ಯ ನಮಗಾಗಲಿಲ್ಲ.

ವ್ಯಾನು ಸಿಲ್ಲೋಡಿನ ಆಚೆ ಒಂದು ಹತ್ತಿ ಹೊಲದಲ್ಲಿ ನಿಂತಿತು. ಬೇವಿನ ಮರದ ಕೆಳಗೆ ಮಲಗಲು ಹಗ್ಗದ ಹೊರಸು, ಬಾಡಿಗೆಗೆ ತಂದ ಎರಡು ಆಡು, ಮಣ್ಣಿನ ಕೊಡ. ಇದೇ ನಮ್ಮ ಹಳ್ಳಿ ಎಂದು ಪ್ರಾಚಿ ಮರಾಠಿಯಲ್ಲಿ ತಿಳಿಸಿಹೇಳಿದಳು. ಪ್ರೇಮಾಬಾಯಿಯ ತಲೆಗೆ ಪೌಡರ್ ಹಾಕಿ ಕೂದಲು ಬೆಳ್ಳಗೆ ಮಾಡಿದರು. ಕೈಗೆ ಸೂಜಿ, ಮಡಿಲಿಗೆ ಜಾಕೀಟು.

"ಆಜೀ, ಥೋಡಂ ಹಸಾ ನಾ, ಸ್ವಲ್ಪ ನಗಿ. ನಿಮ್ಮ ಊರಿನ ಹಾಡು ಯಾವುದಾದರೂ ಹಾಡಿ. ನಿಮ್ಮದೇ ಭಾಷೆಯಲ್ಲಿ. ಅರ್ಥ ನಾವು ಆಮೇಲೆ ಚಿತ್ರದ ಕೆಳಗೆ ಬರೆದುಕೊಳ್ಳುತ್ತೇವೆ."

"ಏನ ಹಾಡಿದ್ರೂ ನಡೀತದ?" ಪ್ರೇಮಾಬಾಯಿ ಮರಾಠಿಯಲ್ಲಿ ಕೇಳಿದಳು.

"ಏನಾದರೂ. ಮನಸ್ಸಿನಿಂದ ಬರಲಿ."

ಎಲ್ಲರೂ ಸುಮ್ಮನಿರಬೇಕೆಂದು ಕ್ಯಾಮೆರಾದವನು ಕೈ ಎತ್ತಿದ. ಪ್ರೇಮಾಬಾಯಿ ಬೀಸುವ ಕಲ್ಲಿನ ಪದದ ಧಾಟಿ ಹಿಡಿದಳು. ಮೆಲ್ಲಗೆ, ದೇವರ ಮುಂದೆ ಕುಳಿತವಳಂತೆ ಕಣ್ಣು ಅರೆಮುಚ್ಚಿ ಎತ್ತಿದಳು:

ವಾಳೂಜದ ಶೆಡ್ಡೀಗಿ ಹೊರಗಿಂದ ಕೀಲಿಯ ಜಡದಾರ
ಇಪ್ಪತ್ತು ಮಂದಿ ಹೊಲಿತೇವ | ತಂಗೆವ್ವ
ಹೆಸರಿಲ್ಲ ಯಾವ ವಹಿಯಾಗ

ನುಸಿ ಬಿದ್ದ ಜ್ವಾಳಾವ ನನ ಬಾಯಿಗಿ ತುರುಕ್ಯಾನ
ವೈಜನಾಥೆಂಬ ಹಲಕಟ್ಟ | ಅವ ಇಲ್ಲೇ
ಕ್ಯಾಮರದ ಹಿಂದ ನಿಂತಾನ

ಪ್ರಾಚಿಯ ಕಣ್ಣಲ್ಲಿ ನೀರಿತ್ತು. "ಮ್ಯಾಡಮ್, ಬಂದ್ ಕರಾ—" ಎಂದು ವೈಜನಾಥ ಒಂದು ಹೆಜ್ಜೆ ಮುಂದಿಟ್ಟ. ಪ್ರಾಚಿ ಸಿಟ್ಟಿನಿಂದ ತುಟಿಯ ಮೇಲೆ ಬೆರಳಿಟ್ಟಳು. ಪ್ರೇಮಾಬಾಯಿ ಏನು ಹಾಡುತ್ತಿದ್ದಾಳೆಂದು ಅವಳಿಗೆ ಹೇಳಬೇಕಾದರೆ ನುಸಿ ತಿನಿಸಿದ್ದನ್ನು ಅವನೇ ಬಾಯಿ ಬಿಟ್ಟು ಹೇಳಬೇಕಿತ್ತು. ಅವನು ನಿಂತಲ್ಲೇ ನಿಂತ.

ಹಾಡು ಮುಗಿದ ಮೇಲೆ ಪ್ರಾಚಿ ಚಪ್ಪಾಳೆ ತಟ್ಟಿದಳು. "ಮತ್ತೊಂದು ಸಲ, ಆಜಿ. ಈ ಸಲ ಸಗಳ್ಯಾ ಮಿಳೂನ್, ಎಲ್ಲರೂ ಸೇರಿ."

ಈ ಚಿತ್ರ ಎಲ್ಲಿಗೆ ಹೋಗುತ್ತದೋ, ಕೆಳಗೆ ಏನು ಬರೆಯುತ್ತಾರೋ, ಕನ್ನಡ ಬಲ್ಲ ಒಂದು ಕಿವಿಯಾದರೂ ಅಲ್ಲಿದೆಯೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಪ್ರೇಮಾಬಾಯಿ ನಮ್ಮ ಕಡೆ ತಿರುಗಿದಳು. "ನಿಮ್ಮ ನಿಮ್ಮ ಹೆಸರು ಹೇಳ್ರೆವಾ. ಅಪ್ಪನ ಹೆಸರು, ಊರಿನ ಹೆಸರು. ತೊದಲಬ್ಯಾಡ್ರಿ."

ನಾವು ಸೊಲ್ಲಿಗೆ ಸೊಲ್ಲು ಕೂಡಿಸಿ, ಒಬ್ಬೊಬ್ಬರಾಗಿ ಹೇಳತೊಡಗಿದೆವು. ವೈಜನಾಥ ವ್ಯಾನಿಗೆ ಒರಗಿ, ಹೆಸರು ಹೇಳಿದವರ ಮುಖವನ್ನು ಒಂದೊಂದಾಗಿ ನೋಡುತ್ತ ನಿಂತಿದ್ದ. ಆರು ಹೆಸರಾಗಿದ್ದವು. ಇನ್ನೂ ಹದಿನಾಲ್ಕು ಬಾಕಿ ಇದ್ದವು.