ಬೆಕ್ಕಿನ ಬಟ್ಟಲಿಗೆ ಕಲಾಯಿ

ಪಕ್ಕದ ಮನೆಯ ಮೌನಮ್ಮನ ತಾಮ್ರದ ತಪ್ಪಲೆ ಕಾಯಿಸಿ, ಅರಳೆಯಿಂದ ಒಳಗೆಲ್ಲ ಕಲಾಯಿ ಸವರುತ್ತಿದ್ದೆ. ನನ್ನ ಬೆಕ್ಕು ರಾಣಿ ಅಂಗಳ ದಾಟುವಷ್ಟರಲ್ಲಿ ಎರಡು ಸಲ ಬಿದ್ದಿತು.

“ಯಾರದೋ ನೆದರ ತಾಗ್ಯದ,” ಎಂದೆ.

ಮೌನಮ್ಮ ನಕ್ಕಳು. “ಆ ಎಲುಬಿನ ಗೂಡಿನ ಮ್ಯಾಲ ಯಾರ ಕಣ್ಣ ಬೀಳ್ತಾವ ಮಮ್ತಾಜಕ್ಕ? ದವಾಖಾನಿಗಿ ಒಯ್ಯಿ.”

ಒಯ್ಯುವ ಮೊದಲು ಮೆಣಸಿನಕಾಯಿ ನಿವಾಳಿಸಿ ಸುಟ್ಟೆ. ಸೀನಿದ್ದು ನಾನೊಬ್ಬಳೇ. ಅರವತ್ತಕ್ಕೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಬುದ್ಧಿಯನ್ನು ಹಗಲು ಶಾಲೆಯವರಿಗೆ ಬಿಟ್ಟಿದ್ದೆ.

ಶಹಾಪುರದ ಪಶುವೈದ್ಯೆ ಪರಿಮಳಾ, ರಾಣಿಯ ರಕ್ತವನ್ನು ಪರೀಕ್ಷೆಗೆ ಕಳಿಸಿ, ವಾರ ಬಿಟ್ಟು ಕರೆದರು.

“ರಕ್ತದಾಗ ಸೀಸ ಅದ ಅಮ್ಮಾ. ಏನು ಕುಡೀತದ ಇದು?”

“ಹುಳಿ ಮಜ್ಜಿಗಿರಿ. ಬಟ್ಟಲಕ್ಕ ನಾನೇ ಕಲಾಯಿ ಮಾಡೀನಿ,” ಎಂದೆ, ಬಹುಮಾನ ಬಂದವಳಂತೆ.

“ಕಲಾಯಿಗಿ ಏನು ಬೆರಸ್ತೀರಿ?”

ಬರೀ ತವರದ ಕಲಾಯಿ ತುಟ್ಟಿ. ಗಂಡ ತೀರಿದ ಮೇಲೆ ಹಳೇ ಬ್ಯಾಟರಿಯ ಸೀಸ ಬೆರೆಸುತ್ತ ಬಂದಿದ್ದೆ. ಹೊಳಪೇನೂ ಕಡಿಮೆಯಾಗಿರಲಿಲ್ಲ. ಹಾಗೇ ಹೇಳಿದೆ.

“ಹುಳಿ ತಾಗಿದ್ರ ಸೀಸ ಬಿಡ್ತದ. ಬೆಕ್ಕಿಂದು ಸಣ್ಣ ಮೈ, ಮೊದಲ ಅದು ಬೀಳ್ತದ. ಮನ್ಯಾಗ ಸಣ್ಣ ಕೂಸುಗಳು ಅದಾವೇನು?”

ಮನೆಯಲ್ಲಿಲ್ಲ, ಯಾದಗಿರಿಯಲ್ಲಿದೆ: ಮಗಳು ಅರ್ಜುಮಂದಳ ಎರಡು ವರ್ಷದ ಹುಮೇರಾ. ಸ್ಟೀಲ್ ಸಾಕು ಎಂದ ಮಗಳಿಗೆ, “ಕಲಾಯಿಗಾರನ ಮಗಳಾಗಿ ನಾಚಿಕಿ ಇಲ್ಲೇನು?” ಎಂದು ಬೈದು ಕೂಸಿನ ಮೊಸರಿಗೆ ತಪ್ಪಲೆ ಹೊರಿಸಿದ್ದೆ. ಅಂದಿನಿಂದ ಅವಳು ನನ್ನ ಫೋನ್ ಎತ್ತುವುದಿಲ್ಲ. ತಪ್ಪಲೆಯನ್ನು ಮಾತ್ರ ದಿನಾ ಬಳಸುತ್ತಾಳಂತೆ, ಅಮ್ಮಿ ಕೊಟ್ಟದ್ದೆಂದು.

ದವಾಖಾನೆಯಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ.

ಅವಳಿಗೆ ರಾಜಿಯ ಕಾಗದ ಬರೆದು ಎಂಟು ತಿಂಗಳಾಗಿತ್ತು. ಅದರಲ್ಲಿ ತಪ್ಪೆಲ್ಲ ಅವಳದೇ ಇತ್ತು. ಅದನ್ನೂ ಕಳಿಸದೆ, ಮೊದಲು ಅವಳೇ ಬರೆಯಲಿ ಎಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮನೆಗೆ ಬಂದು ಅದನ್ನು ತೆಗೆದು, ಎಲ್ಲಾ ಗೀಟೆಳೆದು ಹೊಡೆದುಹಾಕಿ ಕೆಳಗೆ ಬರೆದೆ: “ಆ ತಪ್ಪಲೆ ಇವತ್ತೇ ತೆಗೆದಿಡು, ಅದರಲ್ಲಿ ಸೀಸ ಇದೆ. ಹುಮೇರಾಳ ರಕ್ತ ಪರೀಕ್ಷೆ ಮಾಡಿಸು. ತಪ್ಪು ನನ್ನದು.” ಬಹಳ ಹೊತ್ತು ಪೆನ್ನು ಕಚ್ಚಿ ಕೊನೆಗೆ ಸೇರಿಸಿದೆ: “ಸ್ಟೀಲೇ ಚಲೋ.”

ಹೊರಗೆ ಮೌನಮ್ಮ ನಿಂತಿದ್ದಳು. “ವಾರದಿಂದ ಕಾಯ್ಲಿಕತ್ತೀನಿ, ನನ್ನ ತಪ್ಪಲಿ ಆಯಿತೇನು?”

“ಅದರಾಗ ಅಡಗಿ ಮಾಡಬ್ಯಾಡ. ಬಂದು ಹೇಳ್ತೀನಿ, ಬೇಕಾದಷ್ಟು ಬೈಯಿ.”

ನಿಲ್ದಾಣಕ್ಕೆ ಓಡಿದೆ, ಯಾದಗಿರಿ ಬಸ್ಸು ಹೊರಡುತ್ತಿತ್ತು. ಕಂಡಕ್ಟರ್ ಬಸವಂತ ಅರ್ಜುಮಂದಳ ಓಣಿಯವನೇ. ಕಿಟಕಿಯಿಂದ ಕೈ ಚಾಚಿ ಕಾಗದ ಇಸಿದುಕೊಂಡ.

“ಅರ್ಜೆಂಟ್ ಏನ್ರಿ ಅಮ್ಮಾ?”

“ಎಂಟು ತಿಂಗಳಿಂದ ಅರ್ಜೆಂಟ್ ಅದಪಾ. ಹೋಗು.”