ಕೊನೆಯ ಕಂತು

ಆ ಸಾಲನ್ನು ತಮ್ಮ ಅಳಿಸಿಹಾಕಿದ್ದ.

ಅಕ್ಕ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಪರದೆಯನ್ನು ಇನ್ನೊಮ್ಮೆ ನೋಡಿದಳು. ತಂತ್ರಾಂಶದಿಂದ ತೆಗೆದುಹಾಕಿದ ಸಾಲುಗಳು ಕೆಂಪು ಬಣ್ಣದಲ್ಲಿ, ಹೊಸದಾಗಿ ಸೇರಿಸಿದವು ಹಸಿರಿನಲ್ಲಿ ಕಾಣುತ್ತಿದ್ದವು. ಆ ಕೆಂಪಿನ ನಡುವೆ ಆರು ವರ್ಷದ ಹಿಂದೆ ಅವಳೇ ಬರೆದ ಒಂದು ಸಾಲು, ಪಕ್ಕದಲ್ಲಿ ಅವಳದೇ ಟಿಪ್ಪಣಿ: 'ಇದು ಯಾಕೆ ಬೇಕು ಅಂತ ಗೊತ್ತಿಲ್ಲ. ಆದರೆ ಬೇಕು. ಯಾರೂ ಮುಟ್ಟಬೇಡಿ.'

"ಇದನ್ನ ಯಾಕೋ ಮುಟ್ಟಿದೆ?"

ಎದುರಿನ ಮೇಜಿನಿಂದ ತಮ್ಮ ತಲೆಯೆತ್ತಲಿಲ್ಲ. "ರೋಗ ಅಲ್ಲೇ ಇತ್ತು. ಅದಕ್ಕೇ ಮುಟ್ಟಿದೆ."

"ರೋಗ ಅಲ್ವೋ, ಔಷಧಿ ಅದು."

"ಆ ಔಷಧೀನೇ ರೋಗ ತಂದಿರೋದು ಅಕ್ಕ. ಪೂರ್ತಿ ಓದು, ಆಮೇಲೆ ಬಯ್ಯಿ."

ಮನೆಯ ಮುಂದಿನ ಕೋಣೆಯೇ ಅವರಿಬ್ಬರ ಕಚೇರಿ. ಎರಡು ಮೇಜು, ಗೋಡೆಗೆ ಒರಗಿಸಿಟ್ಟ ಹಳೆಯ ಕಂಪ್ಯೂಟರುಗಳ ರಾಶಿ, ಒಳಗಡೆ ಅಮ್ಮನ ಅಡುಗೆಮನೆ. ಕಾರ್ಖಾನೆಗಳ ಯಂತ್ರಗಳಿಗೆ ಆಯಸ್ಸು ಗಟ್ಟಿ. ಅವನ್ನು ಆಡಿಸುವ ಕಂಪ್ಯೂಟರುಗಳು ಮಾತ್ರ ಬೇಗ ಕಣ್ಣು ಮುಚ್ಚುತ್ತವೆ. ಅಂಥ ಕಡೆ ಅಕ್ಕ, ತಮ್ಮ ಹೋಗಿ ಒಂದು ಹೊಸ ಕಂಪ್ಯೂಟರಿಗೆ ಹಳೆಯದರ ವೇಷ ಹಾಕಿ ಕೂರಿಸಿ ಬರುತ್ತಿದ್ದರು. ವೇಷ ಎಷ್ಟು ಪಕ್ಕಾ ಎಂದರೆ, ತನ್ನ ಯಜಮಾನ ಸತ್ತು ಬೇರೊಬ್ಬ ಬಂದಿದ್ದಾನೆಂಬುದು ಯಂತ್ರಕ್ಕೆ ಗೊತ್ತೇ ಆಗುತ್ತಿರಲಿಲ್ಲ. ನೇಯಬೇಕಾದ ವಿನ್ಯಾಸಗಳಿರುವ ಸಿ.ಡಿ. ಓದುವ ಪೆಟ್ಟಿಗೆಯೂ ವೇಷವೇ. ಸಿ.ಡಿ.ಯಲ್ಲಿದ್ದುದನ್ನೆಲ್ಲ ಒಂದು ಕಡತಕ್ಕೆ ಇಳಿಸಿಕೊಂಡು, ಮಗ್ಗದ ತಂತ್ರಾಂಶ ಕೇಳಿದಾಗಲೆಲ್ಲ ಈ ನಟನೆಯ ಪೆಟ್ಟಿಗೆ ಅದನ್ನು ಕಂತು ಕಂತಾಗಿ ಕೊಡುತ್ತಿತ್ತು.

ಕೊಡುವುದರಲ್ಲೇ ಎಲ್ಲೋ ಎಡವಟ್ಟಾಗಿತ್ತು. ಊರಾಚೆಯ ರತ್ನಗಂಬಳಿ ಕಾರ್ಖಾನೆಯಲ್ಲಿ, ಒಂದು ನಾಟಕಶಾಲೆಯ ಮೆಟ್ಟಿಲುಗಳಿಗೆಂದು ಹೊಸ ಬಳ್ಳಿಯ ವಿನ್ಯಾಸ ನೇಯಲು ಶುರುಮಾಡಿದ್ದರು. ಬಳ್ಳಿ ಚೆಂದವಾಗಿಯೇ ಹಬ್ಬಿಕೊಂಡು ಬಂದು, ಕೊನೆಯ ಅಂಚು ಮೂಡಬೇಕಾದಲ್ಲಿ ನಡುಭಾಗದ ಎಲೆಗಳೇ ಮತ್ತೆ ತಲೆ ತೂರಿಸುತ್ತಿದ್ದವು. ಎರಡು ಸುರುಳಿ ಹಾಳಾದ ಮೇಲೆ ಮಾಲೀಕರು ಮಗ್ಗ ನಡೆಸುವ ದೊಡ್ಡಮ್ಮನ ಕಡೆ ಬೊಟ್ಟು ಮಾಡಿದರು. ಕಾರ್ಖಾನೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ದೊಡ್ಡಮ್ಮನೇ. ಮೂರನೆಯದೂ ಕೆಟ್ಟರೆ ಆ ಮಗ್ಗವನ್ನು ಗುಜರಿಗೆ ಹಾಕಿ ಹೊಸ ಯಂತ್ರ ತರುವುದೆಂದು ಮಾತಾಗಿತ್ತು. ಹೊಸ ಯಂತ್ರಕ್ಕೆ ದೊಡ್ಡಮ್ಮ ಬೇಕಾಗಿರಲಿಲ್ಲ.

ಹಿಂದಿನ ವಾರ ಅವಳೇ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದಳು. ಕೆಟ್ಟುಹೋದ ಅಂಚಿನ ತುಂಡನ್ನು ಅಕ್ಕನ ಮೇಜಿನ ಮೇಲೆ ಹರಡಿ, "ಇದು ನನ್ನ ಕೈತಪ್ಪಲ್ಲ ಅಂತ ನೀವಾದ್ರೂ ಒಂದು ಮಾತು ಹೇಳಿ ತಾಯಿ. ನಾನು ಹೇಳಿದ್ರೆ ಯಾರೂ ಕಿವೀಗೆ ಹಾಕ್ಕೊಳಲ್ಲ," ಅಂದಿದ್ದಳು. ಅಮ್ಮ ತಂದುಕೊಟ್ಟ ಚಹಾವನ್ನು ಅವಳು ಮುಟ್ಟಲಿಲ್ಲ. ಅಂದಿನಿಂದ ತಮ್ಮ ಸರಿಯಾಗಿ ಉಂಡಿರಲಿಲ್ಲ, ಅಕ್ಕನೂ ಅಷ್ಟೇ.

ಒಬ್ಬರು ಮಾಡಿದ ತಿದ್ದುಪಡಿಯನ್ನು ಇನ್ನೊಬ್ಬರು ಓದಿ ಒಪ್ಪದೆ ಅದು ಹೊಸ್ತಿಲು ದಾಟಬಾರದು. ಆ ಮನೆಯ ಈ ಕಟ್ಟಳೆ ಅಕ್ಕನದೇ. ತಮ್ಮ ಬರೆದದ್ದು ಒಂದೇ ಸಲಕ್ಕೆ ಒಪ್ಪಿಗೆಯಾದ ದಾಖಲೆ ಇಲ್ಲ. "ಅಕ್ಕ ಸರಿ ಅನ್ನೋದೂ ಒಂದೇ, ಹುಣ್ಣಿಮೆ ದಿನ ಸೂರ್ಯಗ್ರಹಣ ಆಗೋದೂ ಒಂದೇ," ಎಂದು ಅವನು ಬಂದವರೆದುರೆಲ್ಲ ಹೇಳಿಕೊಂಡು ನಗುತ್ತಿದ್ದ.

ಇವತ್ತು ಅವನು ನಗುತ್ತಿರಲಿಲ್ಲ.

"ಈ ಸಾಲು ತೆಗೆದ್ರೆ ಲೇಸ್ ಕಾರ್ಖಾನೆ ನಿಂತುಹೋಗುತ್ತೆ. ಗೊತ್ತಲ್ವಾ ನಿಂಗೆ?" ಅಕ್ಕ ಕೇಳಿದಳು.

ಲೇಸ್ ಕಾರ್ಖಾನೆ ಅವಳ ಮೊದಲ ಗಿರಾಕಿ, ಅಲ್ಲಿಯೂ ಇದೇ ನಟನೆಯ ಪೆಟ್ಟಿಗೆ. ಅಲ್ಲಿಯ ಯಂತ್ರ ಪ್ರತಿ ಸಲವೂ ಅರ್ಧದಲ್ಲಿ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಏನೆಲ್ಲ ಮಾಡಿ, ಕೊನೆಗೆ ಕಣ್ಣುಮುಚ್ಚಿ ಹೊಡೆದ ಹಾಗೆ ಆ ಒಂದು ಸಾಲು ಸೇರಿಸಿದ್ದಳು. ಯಂತ್ರ ಎದ್ದು ಓಡಿತ್ತು. ಈ ಕಚೇರಿ, ಈ ಮೇಜು, ತಮ್ಮನನ್ನು ಜೊತೆಗೆ ಕರೆದುಕೊಳ್ಳುವ ಧೈರ್ಯ ಎಲ್ಲವೂ ಆ ಸಾಲಿನಿಂದ ಬಂದದ್ದೆಂದು ಅವಳು ಒಳಗೊಳಗೇ ನಂಬಿಕೊಂಡಿದ್ದಳು.

"ಲೇಸಿನ ಸಿ.ಡಿ.ನೂ ಓಡಿಸಿ ನೋಡಿದೀನಿ," ತಮ್ಮ ಹೇಳಿದ. "ನಂಬಿಕೆ ಇಲ್ದಿದ್ರೆ ನೀನೇ ಓಡಿಸು."

ಅವಳು ಓಡಿಸಿದಳು. ಪರದೆಯ ಮೇಲೆ ಲೇಸಿನ ಚಿತ್ರ ಸಾಲು ಸಾಲಾಗಿ ಇಳಿಯತೊಡಗಿತು. ಅದು ಎಂದಿನ ಜಾಗಕ್ಕೆ ಬಂದಾಗ ಅಕ್ಕ ಉಸಿರು ಬಿಗಿಹಿಡಿದಳು. ನಿಲ್ಲಲಿ ಎಂದು ಮನಸ್ಸಿನ ಒಂದು ಮೂಲೆ ಹಾರೈಸುತ್ತಿತ್ತು. ನಿಂತರೆ ದೊಡ್ಡಮ್ಮನ ಗತಿ ಏನೆಂಬುದು ಆ ಮೂಲೆಗೆ ಬೇಕಾಗಿರಲಿಲ್ಲ. ಅದು ತಿಳಿದು ಅವಳಿಗೆ ಮುಖ ಬಿಸಿಯಾಯಿತು. ಚಿತ್ರ ನಿಲ್ಲದೆ ತಳ ಮುಟ್ಟಿತು.

"ಆಯ್ತಲ್ಲ! ಕಳಿಸ್ತೀನಿ," ಎಂದು ತಮ್ಮ ಎದ್ದೇ ಬಿಟ್ಟ. "ಮಾಲೀಕರು ಬೆಳಗಿನಿಂದ ಫೋನ್ ಮೇಲೆ ಫೋನ್ ಮಾಡ್ತಿದಾರೆ."

"ಕೂತ್ಕೋ."

"ಅಕ್ಕಾ..."

"ಓಡ್ತು ಅಂದ್ರೆ ಸಾಲ್ದು. ಯಾಕೆ ಓಡ್ತು? ಅದು ಗೊತ್ತಿಲ್ದೆ ನಾನು ಒಂದು ಸಲ ಬಿಟ್ಟಿದ್ದಕ್ಕೇ ಅಲ್ವೇನೋ ಆ ಯಮ್ಮ ಬಸ್ ಹತ್ತಿ ಬರೋ ಹಾಗಾಗಿದ್ದು?"

ತಮ್ಮ ಅವಳನ್ನೇ ನೋಡಿದ. ತಪ್ಪು ತನ್ನದೆಂದು ಅವಳು ಇಷ್ಟು ಸಲೀಸಾಗಿ ಒಪ್ಪಿಕೊಂಡಾಳೆಂದು ಅವನು ಎಣಿಸಿರಲಿಲ್ಲ. ಕುರ್ಚಿಯನ್ನು ದರದರ ಎಳೆದು ತಂದು ಅವಳ ಪಕ್ಕ ಹಾಕಿಕೊಂಡ.

"ಇಬ್ಬರೂ ಜಗಳ ಆಡೋದಿದ್ರೆ ಊಟ ಮಾಡಿ ಆಡ್ರಪ್ಪ," ಒಳಗಿನಿಂದ ಅಮ್ಮನ ದನಿ ಬಂತು. "ಹಸಿದ ಹೊಟ್ಟೇಲಿ ಆಡಿದ್ರೆ ಜಗಳಾನೂ ಕೆಡುತ್ತೆ."

"ಜಗಳ ಅಲ್ಲಮ್ಮ, ಪಾಠ," ಎಂದ ತಮ್ಮ.

"ಯಾರು ಯಾರಿಗೆ?"

ಅಕ್ಕ ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಬಡಿಸೋದು ಅಂತಲೇ ಇಟ್ಕೋ," ತಮ್ಮ ಶುರುಮಾಡಿದ. "ಒಂದು ಸಲಕ್ಕೆ ಇಷ್ಟಕ್ಕಿಂತ ಜಾಸ್ತಿ ಹಾಕ್ಬೇಡ ಅಂತ ಮಗ್ಗ ಹೇಳುತ್ತೆ. ಪೆಟ್ಟಿಗೆ ಪ್ರತಿ ಕಂತಿಗೂ, ಈಗ ಇಷ್ಟು ಹಾಕ್ತಿದೀನಿ ಅಂತ ಕೂಗಿ ಹೇಳ್ಬೇಕು. ನಿನ್ನ ಸಾಲು ಏನು ಮಾಡುತ್ತೆ? ಯಾವಾಗ್ಲೂ ತುಂಬಿದ ಸೌಟು ಅಂತಲೇ ಕೂಗುತ್ತೆ. ಕೊನೇ ಕಂತಲ್ಲಿ ಅರ್ಧ ಸೌಟೇ ಇರೋದು. ಮಗ್ಗ ಪಾಪ, ನಂಬಿಕೊಂಡು ಪೂರ್ತಿ ಕೆರೆದುಕೊಳ್ಳುತ್ತೆ. ತಳದಲ್ಲಿ ಹಿಂದಿನ ಕಂತಿಂದು ಅಂಟಿಕೊಂಡಿರುತ್ತಲ್ಲ..."

"ಅದೂ ಬರುತ್ತೆ." ಅಕ್ಕನ ಕಣ್ಣ ಮುಂದೆ ಮೇಜಿನ ಮೇಲೆ ಹರಡಿದ್ದ ಆ ತುಂಡು ಬಂತು. ಅಂಚಿನ ಜಾಗದಲ್ಲಿ ತಲೆ ತೂರಿಸಿದ್ದ ಎಲೆಗಳು. "ಅಂಟಿಕೊಂಡಿದ್ದ ಎಲೆ. ಹೌದು. ಮತ್ತೆ ಲೇಸು?"

"ಲೇಸಿನ ಯಂತ್ರ ಕೇಳೋ ಅಳತೆ ಬೆಸ ಸಂಖ್ಯೆ. ಪೆಟ್ಟಿಗೆ ಕೊಡೋದು ಜೋಡಿ ಜೋಡೀಲಿ. ಬೆಸ ಕೇಳಿದ್ರೆ ಒಂದು ಕಮ್ಮಿ ಮಾಡಿ ಸರಿಸಂಖ್ಯೆ ಕೊಡ್ಬೇಕು, ಅದು ನಿಯಮ. ಕೊನೇದು ಮಾತ್ರ ಎಷ್ಟು ಉಳಿದಿದ್ಯೋ ಅಷ್ಟು. ನಿನ್ನ ಸಾಲು ಆ ಒಂದನ್ನ ಕಮ್ಮಿ ಮಾಡ್ತಿತ್ತು, ಅದಕ್ಕೇ ಯಂತ್ರ ಓಡಿದ್ದು. ಅರ್ಧ ಸರಿ ಇತ್ತಕ್ಕ ನೀನು. ಕೊನೇ ಕಂತಿಗೂ ಅದೇ ಅಳತೆ ಹಾಕಿದ್ದೇ ಎಡವಟ್ಟು."

"ಹಾಗಿದ್ರೆ ಲೇಸಲ್ಲೂ ಕೊನೇಲಿ ಕಸ ಬರ್ಬೇಕಿತ್ತಲ್ಲೋ?"

"ಬರ್ತಾನೇ ಇತ್ತು! ಲೇಸಿನ ಕೊನೇ ಚೂರನ್ನ ಹೇಗೂ ಕತ್ತರಿಸಿ ಬುಟ್ಟಿಗೆ ಹಾಕ್ತಾರೆ. ಆರು ವರ್ಷದಿಂದ ನಿನ್ನ ತಪ್ಪನ್ನ ಯಾರೋ ದಿನಾ ಗುಡಿಸಿ ಹಾಕ್ತಿದಾರೆ."

ಅಕ್ಕನಿಗೆ ನಗು ಉಕ್ಕಿಬಂತು. ತಡೆಯಲು ನೋಡಿದಳು, ಆಗಲಿಲ್ಲ. ಯಾಕೆ ಬೇಕೆಂದು ಗೊತ್ತಿಲ್ಲದೆ ಕಾವಲು ಕಾದ ಸಾಲು, ಈಗ ಅಂಗೈ ಮೇಲಿಟ್ಟ ಹಾಗೆ ಅರ್ಥವಾಗಿತ್ತು. ಹೋದದ್ದಕ್ಕೆ ಬೇಸರವಾಗಬೇಕಿತ್ತು, ಹೊತ್ತ ಮೂಟೆ ಇಳಿಸಿದ ಹಾಗಾಯಿತು. ತಮ್ಮ ಅವಳ ನಗು ನೋಡಿ ತಾನೂ ನಕ್ಕ.

ನಗುತ್ತಲೇ ಅವಳ ಬೆರಳು ಹಸಿರು ಸಾಲುಗಳ ಮೇಲೆ ಇಳಿದು ಒಂದು ಕಡೆ ನಿಂತಿತು.

"ಏನೂ ಉಳಿಯದಿದ್ರೆ?"

"ಅಂದ್ರೆ?"

"ಎಲ್ಲಾ ಕಂತೂ ಸರಿಯಾಗಿ ತುಂಬಿ, ಕೊನೆಗೆ ಸೊನ್ನೆ ಉಳಿದ್ರೆ? ನಿನ್ನ ಪೆಟ್ಟಿಗೆ ಆಗಲೂ ಇನ್ನೊಂದು ಕಂತು ಅಂತ ಕೂಗುತ್ತೆ. ಖಾಲಿ ಸೌಟು."

ತಮ್ಮನ ನಗು ಆರಿತು. ರತ್ನಗಂಬಳಿಯ ಹಳೆಯ ವಿನ್ಯಾಸವೊಂದನ್ನು ಹಾಕಿ ಓಡಿಸಿದ. ಕಂತುಗಳು ಒಂದರ ಹಿಂದೊಂದು ಸರಾಗವಾಗಿ ಹೋದವು. ಕೊನೆಗೆ ಪರದೆ ಹಾಗೇ ನಿಂತಿತು. ಬಾರದ ಕಂತಿಗಾಗಿ ಮಗ್ಗದ ತಂತ್ರಾಂಶ ತಟ್ಟೆ ಹಿಡಿದು ಕಾಯುತ್ತಿತ್ತು.

"ಅಯ್ಯೋ ದೇವರೇ," ಎಂದ ತಮ್ಮ. "ಅಲ್ಲಿಯ ಹಳೇ ವಿನ್ಯಾಸ ಎಲ್ಲಾ ಹೀಗೇ ಇರೋದು. ಕಾಯಿಲೆ ಬಿದ್ದಿದ್ದೊಂದನ್ನೇ ನೋಡ್ತಾ ಕೂತೆ ನಾನು. ಹಾಗೇ ಕಳಿಸಿದ್ದಿದ್ರೆ ಇವತ್ತು ಬಳ್ಳಿ ಸರಿಹೋಗಿ, ನಾಳೆ ಇಡೀ ಮಗ್ಗ ನಿಂತುಬಿಡ್ತಿತ್ತು."

"ಕಳಿಸ್ಲಿಲ್ವಲ್ಲ. ಬರಿ."

ಅವನು ಬರೆದ. ಒಂದೇ ಒಂದು ಸಾಲು: ಏನೂ ಉಳಿಯದಿದ್ದರೆ ಮುಗಿಯಿತು ಅನ್ನು, ಕೂಗಬೇಡ. ಬಳ್ಳಿ ಓಡಿತು. ಲೇಸು ಓಡಿತು. ಹಳೆಯ ವಿನ್ಯಾಸಗಳನ್ನು ಒಂದೊಂದಾಗಿ ಹಾಕಿದರು, ಎಲ್ಲವೂ ದಡ ಸೇರಿದವು. ಪ್ರತಿಯೊಂದು ಮುಗಿದಾಗಲೂ ತಮ್ಮ ಮೇಜು ಗುದ್ದುತ್ತಿದ್ದ. ಆ ಸದ್ದಿಗೆ ಅಮ್ಮ ಕೈಯೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಅಕ್ಕ ಒಪ್ಪಿಗೆಯ ಜಾಗದಲ್ಲಿ ಬರೆದಳು: 'ಸರಿ. ಯಾಕೆ ಸರಿ ಅನ್ನೋದೂ ಗೊತ್ತು.' ತಮ್ಮ ಅದನ್ನು ಜೋರಾಗಿ ಓದಿ, ಅಮ್ಮನ ಎರಡೂ ಕೈ ಹಿಡಿದು ಕೋಣೆಯ ನಡುವೆ ಒಂದು ಸುತ್ತು ತಿರುಗಿಸಿಬಿಟ್ಟ.

"ಬಿಡೋ, ತಲೆ ಸುತ್ತುತ್ತೆ! ಏನಾಯ್ತೇ ಇವನಿಗೆ?"

"ಗ್ರಹಣ ಹಿಡೀತಮ್ಮ," ಅಕ್ಕ ಕಾರಿನ ಕೀಲಿಗೆ ಕೈ ಹಾಕಿದಳು.

ತಿದ್ದಿದ ತಂತ್ರಾಂಶ ಕೂರಿಸಿ ಮಗ್ಗ ಶುರುಮಾಡಿದ ಮೇಲೆ, ಕಾರ್ಖಾನೆಯ ಒಳಗೆ ಅದರ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತಿರಲಿಲ್ಲ. ಗಾಳಿಯಲ್ಲೆಲ್ಲ ಕೆಂಪು ಉಣ್ಣೆಯ ಧೂಳು. ಮಾಲೀಕರು ಕೈಕಟ್ಟಿಕೊಂಡು ಒಂದು ಪಕ್ಕ ನಿಂತಿದ್ದರು. ದೊಡ್ಡಮ್ಮ ಯಾರ ಕಡೆಗೂ ನೋಡದೆ, ಎಳೆ ಎಳೆಯ ಮೇಲೂ ಕಣ್ಣಿಟ್ಟು ಮಗ್ಗದ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದಳು. ಬಳ್ಳಿ ಬೆರಳಗಲ ಬೆರಳಗಲ ಮೇಲೇರಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಚಿನ ಹತ್ತಿರ ಬಂತು. ಉಳಿದ ಮಗ್ಗದವರೂ ತಮ್ಮ ತಮ್ಮ ಕೆಲಸ ಬಿಟ್ಟು ಬಂದು ಸುತ್ತ ನೆರೆದರು.

ಕೊನೆಯ ಎಲೆ ಮುಗಿಯಿತು. ಅದರಾಚೆ ನೀಲಿಯ ಒಂದು ಗೆರೆ. ಆಮೇಲೆ ಇನ್ನೊಂದು. ಗೆರೆಗಳ ನಡುವೆ ಅಂಚಿನ ಪುಟ್ಟ ಪುಟ್ಟ ಚೌಕಗಳು ಹಲ್ಲಿನ ಸಾಲಿನಂತೆ ಅಚ್ಚುಕಟ್ಟಾಗಿ, ಈ ತುದಿಯಿಂದ ಆ ತುದಿಯವರೆಗೆ ಮೂಡಿದವು. ಎಲ್ಲಿಯೂ ಒಂದು ಎಲೆ ಇಣುಕಲಿಲ್ಲ.

ದೊಡ್ಡಮ್ಮ ಮಗ್ಗ ನಿಲ್ಲಿಸಿದಳು. ಆ ಹಠಾತ್ ಮೌನದಲ್ಲಿ ಯಾರೋ ಸಿಳ್ಳೆ ಹಾಕಿದರು, ಆಮೇಲೆ ಇಡೀ ಕಟ್ಟಡವೇ ಕೂಗಿಕೊಂಡಿತು. ತಮ್ಮ ಅಕ್ಕನ ಭುಜ ಹಿಡಿದು ಕುಲುಕುತ್ತಿದ್ದ.

"ನೋಡಿದ್ರಾ ಸ್ವಾಮಿ?" ದೊಡ್ಡಮ್ಮ ಮಾಲೀಕರನ್ನು ಕೇಳಿದಳು. ಅಷ್ಟೇ ಕೇಳಿದ್ದು.

ಮಾಲೀಕರು ಕಟ್ಟಿದ ಕೈ ಬಿಚ್ಚಿದರು. "ನೋಡಿದೆನಮ್ಮ. ನನ್ನದೇ ತಪ್ಪು," ಎಂದರು. "ನಾಳೆ ಇನ್ನೊಂದು ಸುರುಳಿ ಹಾಕು," ಎಂದು ಸೇರಿಸಿದರು.

ರತ್ನಗಂಬಳಿಯನ್ನು ಕತ್ತರಿಸಿ ನೆಲದ ಮೇಲೆ ಉದ್ದಕ್ಕೆ ಹಾಸಿದರು. ದೊಡ್ಡಮ್ಮ ಚಪ್ಪಲಿ ಬಿಟ್ಟು ಅದರ ಮೇಲೆ ಹೆಜ್ಜೆ ಇಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ, "ಬನ್ನಿ, ನಿಂತುಬಿಟ್ರಲ್ಲ. ಚಪ್ಪಲಿ ಬಿಟ್ಟು ಬನ್ನಿ," ಎಂದು ಕರೆದಳು. ಅಕ್ಕ, ತಮ್ಮ ಅವಳ ಹಿಂದೆ ನಡೆದರು. ಮೂವರೂ ನೀಲಿ ಅಂಚಿಗೆ ಹೋಗಿ ನಿಂತಾಗ ಅಕ್ಕ ಹಿಂತಿರುಗಿ ನೋಡಿದಳು. ಬಳ್ಳಿಯ ಮೇಲೆ ಬಿದ್ದಿದ್ದ ಹೆಜ್ಜೆಗುರುತುಗಳಲ್ಲಿ, ಮಲಗಿದ್ದ ಉಣ್ಣೆಯ ಎಳೆಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು.