ಅಮೆರಿಕದ ಕ್ಯಾಸೆಟ್ಟು, ಅಣ್ಣತಮ್ಮಂದಿರ ಪಟ್ಟು

ದೊಡ್ಡೇರಿಯ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಒಂದು ಮುಂಗಾರೇ ಕಳೆದಿತ್ತು. ನನ್ನ ಗಂಡ ಕದಿರಯ್ಯನವರದು ತಮಟೆ, ಮೈದುನ ಓಬಳಯ್ಯನದು ಡೋಲು. ಇವರಿಗೆ ಬಿರುಸು ಬೇಕು, ಅವನಿಗೆ ಕುಣಿಯುವವರ ಸೊಂಟ ಬಳುಕಬೇಕು. ಯಾರದೋ ಮದುವೆ ಮೆರವಣಿಗೆಯಲ್ಲೇ ಇದಕ್ಕೆ ಕಿತ್ತಾಡಿ, ವಾದ್ಯಗಳು ಅಟ್ಟ ಸೇರಿದವು. ಒಂದೇ ಮನೆಯಲ್ಲಿ ಉಂಡರೂ ಮಾತೆಲ್ಲ ನನ್ನ ಮೂಲಕ.

“ನಿನ್ನ ಮೈದುನನ್ನ ಕೇಳು, ಗುದ್ದಲಿ ಎಲ್ಲಿಟ್ಟವ್ನೆ ಅಂತ.”

“ಅತ್ಗೆ, ನಿಮ್ಮ ಯಜಮಾನ್ರಿಗೆ ಹೇಳಿ, ಕೊಟ್ಟಿಗೇಲಿ ಐತೆ ಅಂತ.”

ಇಬ್ಬರೂ ಎದುರುಬದುರು ಕೂತೇ! ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಸಂಜೆ ಈ ಬೆಳೆದ ಮಕ್ಕಳ ಸುದ್ದಿ ಸಾಗಿಸಿ ನನಗೆ ಸಾಕುಬೇಕಾಗಿತ್ತು. ಇವರು ಮತ್ತೆ ಜೊತೆಗೆ ಬಾರಿಸಿದರೆ ಸಾಕು ಎನಿಸಿತ್ತು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನನ್ನ ತಮ್ಮ ಸಂಜೀವಯ್ಯ ಬೆಂಗಳೂರಿನ ಹಾಸ್ಟೆಲ್ಲಿನಿಂದ ಟೇಪ್ ರೆಕಾರ್ಡರ್ ಹೊತ್ತು ಬಂದ. ಅಮೆರಿಕದ ಕ್ಯಾಸೆಟ್ಟಂತೆ. ಥ್ರ್ಯಾಶ್ ಎಂಬ ಆರ್ಭಟಕ್ಕೆ ಅಲ್ಲಿನ ಕಪ್ಪುಜನರ ಫಂಕ್ ಎಂಬ ಕುಣಿತದ ಮಟ್ಟು ಬೆರೆಸಿದ್ದಾರಂತೆ. ಬೆರೆಯುವುದೇ ಇಲ್ಲ ಎಂದವರೂ ಈಗ ಅದನ್ನೇ ಕೇಳುತ್ತಿದ್ದಾರಂತೆ. ಹಾಕಿದ. ಸೂರಿನ ಗುಬ್ಬಿಗಳು ಹಾರಿಹೋದವು.

“ನಿನ್ನ ಮೈದುನಂಗೆ ಹೇಳು, ಬಿರುಸು ಅಂದ್ರೆ ಹಿಂಗಿರ್ಬೇಕು,” ಎಂದು ಗಂಡ ಎದೆಯುಬ್ಬಿಸಿದರು.

ಅಷ್ಟರಲ್ಲಿ ಆರ್ಭಟ ತಟ್ಟನೆ ನಿಂತು ದಪ್ಪ ತಂತಿಯ ಗಿಟಾರೊಂದೇ ಉಳಿಯಿತು. ಸಂಜೀವ ಕೈಯಾಡಿಸಿ ತೋರಿಸಿದ: ಹೆಬ್ಬೆರಳಲ್ಲಿ ತಟ್ಟುವುದು, ತಂತಿ ಎಳೆದು ಬಿಡುವುದು, ಒಂಚೂರು ಸುಮ್ಮನಿದ್ದು ಮತ್ತೆ ತಟ್ಟುವುದು. ಆ ಸುಮ್ಮನಿರುವುದರಲ್ಲೇ ಕುಣಿತವಿತ್ತು. ಓಬಳಯ್ಯನ ಹೆಗಲು ತಾನಾಗಿ ಅಲ್ಲಾಡಿತು.

“ಅತ್ಗೆ, ನಿಮ್ಮ ಯಜಮಾನ್ರಿಗೆ ಹೇಳಿ, ಇದು ನಮ್ಮ ಡೋಲಿನ ಕೆಲ್ಸ ಅಂತ.”

ಸಂಜೀವ ಹಾಡನ್ನು ಮೊದಲಿಗೆ ತಿರುಗಿಸಿ ಮತ್ತೆ ಮತ್ತೆ ಹಾಕಿದ. ಗಂಡನಿಗೆ ತಡೆಯಲಾಗಲಿಲ್ಲ. ತಮಟೆ ಇಳಿಸಿ, ಬೆಂಕಿಗೆ ಕಾಯಿಸಿ, ಆ ಬಿರುಸನ್ನು ಹಿಡಿದೇಬಿಟ್ಟರು. ಹುರುಪಿನಲ್ಲಿ ಮೈಮರೆತು, ಕೊನೆಗೆ ಡೋಲನ್ನು ಕರೆಯುವ ಪೆಟ್ಟನ್ನೂ ಹೊಡೆದರು. ನಮ್ಮಲ್ಲಿ ತಮಟೆ ಕರೆದರೆ ಡೋಲು ಓಗೊಡಲೇಬೇಕು. ಸುಮ್ಮನಿದ್ದರೆ ಅವಮಾನ ಮನುಷ್ಯನಿಗಲ್ಲ, ವಾದ್ಯಕ್ಕೆ.

ಗಂಡ ನಾಲಿಗೆ ಕಚ್ಚಿಕೊಂಡರು. ಓಬಳಯ್ಯ ಅಟ್ಟವನ್ನು ನೋಡಿದ, ನನ್ನನ್ನು ನೋಡಿದ. ಅವನು ಎದ್ದು ಡೋಲು ಇಳಿಸಿ, ಧೂಳು ಕೊಡವಿ, ಓಗೊಟ್ಟ.

“ಲೇ ಓಬಳ, ತಡ ಮಾಡ್ಬುಟ್ಟೆ ಕಣ್ಲಾ!”

“ನೀನ್ಯಾಕಣ್ಣ ಅಂಗೆ ಓಡ್ದೆ?”

“ಓಡ್ದೆ ಇನ್ನೇನು, ನಿನ್ನಂಗೆ ತೆವಳ್ಲಾ?”

ಜಗಳ ಬಿಡಿಸಲು ಎದ್ದ ಸಂಜೀವನ ಕೈ ಹಿಡಿದು ಕೂರಿಸಿದೆ.

“ಸುಮ್ಕಿರೋ, ಬೈಕೊಳ್ಲಿ.”

ಅವರು ಮುಖ ಮುಖ ನೋಡಿಕೊಂಡು ಬೈಯುತ್ತಿದ್ದರು. ನನಗೆ ‘ಹೇಳು’ ಎನ್ನುವವರು ಯಾರೂ ಇರಲಿಲ್ಲ. ಸಂತೋಷಕ್ಕೆ ಅಳು ಬಂತು.